ಕಾರ್ಡ್ ಉಳಿಯಲಿ, ಉಳಿದದ್ದು ಬದಲಾಗಲಿ

ಇತ್ತೀಚೆಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಗೆಯಲ್ಲಿ ಕೇಳಿವೆ: ಗೇಮ್ ಆಡುವ ಕಂಪ್ಯೂಟರ್ ಹಳತಾಗಿದೆ, ಅದರೊಳಗೆ ಆಟದ ಚಿತ್ರಗಳನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಮಾತ್ರ ಇನ್ನೂ ಗಟ್ಟಿಯಾಗಿದೆ, ಅದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಹೊಸದು ಮಾಡಬಹುದೇ? ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು ಈ ಬಾರಿ ಇದೊಂದನ್ನೇ ಎತ್ತಿಕೊಂಡಿದ್ದೇನೆ. ಬಿಡಿಭಾಗಗಳ ಬೆಲೆ, ಅದರಲ್ಲೂ ರ‍್ಯಾಮ್‌ನ ಬೆಲೆ, 2025ರ ಕೊನೆಯಿಂದ ಏರುತ್ತಲೇ ಬಂದಿರುವುದರಿಂದ ರೂಪಾಯಿಯ ಲೆಕ್ಕವನ್ನು ಇಲ್ಲಿ ಕೊಟ್ಟಿಲ್ಲ. ಅಚ್ಚಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ಅದು ಸುಳ್ಳಾಗಿರುತ್ತದೆ.

ಪ್ರಶ್ನೆ: ಮಾನ್ಯರೇ, ನಾನು ಪಿಯುಸಿ ಓದುತ್ತಿದ್ದಾಗ, 2015ರಲ್ಲಿ, ತಂದೆಯವರು ಕೊಡಿಸಿದ ಕಂಪ್ಯೂಟರ್ ಇನ್ನೂ ನಡೆಯುತ್ತಿದೆ. ಇಂಟೆಲ್ ಕೋರ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್, ವಿಂಡೋಸ್ ಇರುವ 240 ಜಿಬಿಯ ಎಸ್‌ಎಸ್‌ಡಿ, ಗೇಮ್‌ಗಳಿರುವ 1 ಟಿಬಿ ಹಾರ್ಡ್ ಡಿಸ್ಕ್ ಇವೆ. 2020ರಲ್ಲಿ ಕೆಲಸ ಸಿಕ್ಕ ಮೇಲೆ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ಹಾಕಿಸಿದೆ. ಈಗ ಸೈಬರ್‌ಪಂಕ್ 2077 ಆಡುವಾಗ ಊರಿನ ಬೀದಿಗಳಲ್ಲಿ ಗಾಡಿ ಓಡಿಸಿದರೆ ಆಟ ತಡೆತಡೆದು ಸಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 100 ಶೇಕಡಾ, ಕಾರ್ಡ್ 55ರಿಂದ 60 ಶೇಕಡಾ ತೋರಿಸುತ್ತದೆ. ಅಂಗಡಿಯವರು ಎಲ್ಲವನ್ನೂ ಹೊಸದಾಗಿ ಕೊಳ್ಳಿ ಎನ್ನುತ್ತಾರೆ. ಕಾರ್ಡ್ ಉಳಿಸಿಕೊಂಡರೆ ನಷ್ಟವೇ? ಇದೇ ಕಂಪ್ಯೂಟರಿನಲ್ಲಿ ತಂಗಿ ತನ್ನ ಡಿಗ್ರಿ ಕಾಲೇಜಿನ ಕೆಲಸವನ್ನೂ ಮಾಡಿಕೊಳ್ಳುತ್ತಾಳೆ. — ಓದುಗರು, ಶಿವಮೊಗ್ಗ

ಉತ್ತರ: ಅಂಗಡಿಯವರ ಮಾತಿನಲ್ಲಿ ಅರ್ಧ ಸರಿಯಿದೆ. ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಹೋಗಬೇಕು, ಏಕೆಂದರೆ ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಎಲ್‌ಜಿಎ1150 ಸಾಕೆಟ್ಟಿಗೆ ಈಚಿನ ಯಾವ ಪ್ರೊಸೆಸರೂ ಕೂರುವುದಿಲ್ಲ, ಡಿಡಿಆರ್3 ರ‍್ಯಾಮ್ ಈಚಿನ ಯಾವ ಬೋರ್ಡಿಗೂ ಹೋಗುವುದಿಲ್ಲ. ಆದರೆ ಕಾರ್ಡ್ ಈ ಪಟ್ಟಿಯಲ್ಲಿ ಸೇರಬೇಕಿಲ್ಲ. ಆಟ ತಡೆಯುವುದಕ್ಕೆ ಕಾರ್ಡ್ ಕಾರಣವಲ್ಲ ಎಂಬುದನ್ನು ನೀವೇ ಬರೆದ ಅಂಕಿಗಳು ಹೇಳುತ್ತಿವೆ.

ಹೋಟೆಲಿನ ಅಡುಗೆಮನೆಯನ್ನು ನೆನೆಸಿಕೊಳ್ಳಿ. ಕಾವಲಿ ಎಷ್ಟೇ ದೊಡ್ಡದಿದ್ದರೂ, ಎಷ್ಟೇ ಕಾದಿದ್ದರೂ, ರುಬ್ಬುವ ಕಲ್ಲಿನಿಂದ ಹಿಟ್ಟು ಬರುವ ತನಕ ದೋಸೆ ಬೀಳುವುದಿಲ್ಲ. ಪ್ರತಿ ಫ್ರೇಮಿನಲ್ಲಿಯೂ, ಅಂದರೆ ಪರದೆಗೆ ಬರುವ ಪ್ರತಿ ಚಿತ್ರದಲ್ಲಿಯೂ, ಯಾವ ಪಾತ್ರ ಎಲ್ಲಿದೆ, ಯಾವ ವಾಹನ ಯಾವ ಕಡೆ ತಿರುಗಿತು, ಯಾವ ವಸ್ತು ಯಾವುದಕ್ಕೆ ಡಿಕ್ಕಿ ಹೊಡೆಯಿತು ಎಂಬ ಲೆಕ್ಕವನ್ನು ಮುಗಿಸಿ, ಇಂತಿಂಥದನ್ನು ಬಿಡಿಸು ಎಂಬ ಆದೇಶಗಳನ್ನು ಕಾರ್ಡಿಗೆ ಕಳುಹಿಸುವುದು ಪ್ರೊಸೆಸರಿನ ಕೆಲಸ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಇದೆಲ್ಲವೂ 16.7 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಮುಗಿಯದಿದ್ದಾಗ ಕಾರ್ಡ್ ಸುಮ್ಮನೆ ಕೂತಿರುತ್ತದೆ. ನೀವು ಕಂಡ 55 ಶೇಕಡಾ ಎಂದರೆ ಅದೇ.

ಆದರೂ ಹಣ ಬಿಚ್ಚುವ ಮೊದಲು ಒಂದು ಸಂಜೆ ಈ ಪರೀಕ್ಷೆಯನ್ನು ಮಾಡಿ. ಆಟದ ಒಂದೇ ಜಾಗದಲ್ಲಿ, ಜನಸಂದಣಿ ಇರುವ ಒಂದು ಬೀದಿಯಲ್ಲಿ, ಮೊದಲು 1920×1080 ರೆಸಲ್ಯೂಷನ್‌ನಲ್ಲಿಯೂ ಆಮೇಲೆ ಬೇರೇನನ್ನೂ ಮುಟ್ಟದೆ 1280×720ಕ್ಕೆ ಇಳಿಸಿಯೂ ಎರಡೆರಡು ನಿಮಿಷ ಓಡಾಡಿ, ಎರಡರ ಫ್ರೇಮ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಫ್ರೇಮ್ ಸಂಖ್ಯೆಯನ್ನು ಪರದೆಯ ಮೂಲೆಯಲ್ಲಿ ತೋರಿಸಲು ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಸಾಕು. ಯಾವ ಕಂಪನಿಯ ಕಾರ್ಡ್ ಇದ್ದರೂ ಅದು ಕೆಲಸ ಮಾಡುತ್ತದೆ. ಪಿಕ್ಸೆಲ್‌ಗಳು ಅರ್ಧಕ್ಕಿಂತ ಕಡಿಮೆಯಾದಾಗ ಕಾರ್ಡಿನ ಹೊರೆ ಇಳಿಯುತ್ತದೆ, ಪ್ರೊಸೆಸರಿನದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆದ್ದರಿಂದ ಫ್ರೇಮ್ ಸಂಖ್ಯೆ ಏರಲಿಲ್ಲವೆಂದರೆ ತಪ್ಪು ಕಾರ್ಡಿನದಲ್ಲ. ಗಣನೀಯವಾಗಿ ಏರಿದರೆ ನನ್ನ ಮುಂದಿನ ಮಾತುಗಳನ್ನು ಪಕ್ಕಕ್ಕಿಟ್ಟು ಮತ್ತೆ ಬರೆಯಿರಿ.

ಈ ಆಟದ ತಯಾರಕರೇ 2023ರ ಸೆಪ್ಟೆಂಬರ್‌ನಲ್ಲಿ 2.0 ಆವೃತ್ತಿಯನ್ನು ಬಿಟ್ಟಾಗ ಕನಿಷ್ಠ ಅಗತ್ಯಗಳನ್ನು ಪರಿಷ್ಕರಿಸಿದರು. ಪ್ರೊಸೆಸರ್ ಐ7-6700 ಅಥವಾ ರೈಜನ್ 5 1600, ರ‍್ಯಾಮ್ 12 ಜಿಬಿ, ಕಾರ್ಡ್ 6 ಜಿಬಿಯ ಜಿಟಿಎಕ್ಸ್ 1060, ಜೊತೆಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ) ಕಡ್ಡಾಯ. ಇದನ್ನು ನಿಮ್ಮ ಕಂಪ್ಯೂಟರಿನ ಪಕ್ಕದಲ್ಲಿಟ್ಟು ನೋಡಿದರೆ ಪಾಸಾಗಿರುವುದು ಕಾರ್ಡ್ ಒಂದೇ. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕೇ ಥ್ರೆಡ್‌ಗಳ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು) ಪ್ರೊಸೆಸರ್ ಈ ಆಟಕ್ಕೆ ಸಾಲದು. 8 ಜಿಬಿ ರ‍್ಯಾಮ್ ತುಂಬಿದ ಮೇಲೆ ವಿಂಡೋಸ್ ಮಿಕ್ಕದ್ದನ್ನು ಡಿಸ್ಕಿಗೆ ಬರೆದು ಮತ್ತೆ ಓದುತ್ತ ಕೂರುತ್ತದೆ. ಗೇಮ್ ಇರುವುದು ಹಾರ್ಡ್ ಡಿಸ್ಕಿನಲ್ಲಾದ್ದರಿಂದ, ಗಾಡಿ ಓಡಿಸಿದಾಗ ಮುಂದಿನ ಬೀದಿಯ ಚಿತ್ರಗಳು ಹೊತ್ತಿಗೆ ಸರಿಯಾಗಿ ಬಂದು ಸೇರುವುದಿಲ್ಲ. ಸೆಕೆಂಡಿಗೆ ನೂರರಿಂದ ನೂರೈವತ್ತು ಎಂಬಿ ಓದುವ ಹಾರ್ಡ್ ಡಿಸ್ಕ್, ಚೂರುಚೂರಾಗಿ ಹರಡಿರುವ ಕಡತಗಳನ್ನು ಹುಡುಕುವಾಗ ಅದರ ಸಣ್ಣ ಪಾಲನ್ನೂ ಕೊಡಲಾರದು. ನಡೆಯುವಾಗ ಇಲ್ಲದ ತೊಂದರೆ ಓಡಿಸುವಾಗ ಕಾಣಿಸುವುದು ಇದರಿಂದಲೇ.

ಈ ಮಟ್ಟದ ಪತ್ರಗಳಿಗೆಲ್ಲ ಉತ್ತರವೆಂಬಂತೆ ಕೆಲವರು ಹಳೆಯ ಐ7-4790 ಅನ್ನು ಸೆಕೆಂಡ್ ಹ್ಯಾಂಡ್ ಕೊಂಡು ಅದೇ ಬೋರ್ಡಿಗೆ ಹಾಕಿ ಎನ್ನುತ್ತಾರೆ. ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸ್ ಅನ್ನು ಅಪ್‌ಡೇಟ್ ಮಾಡಿದರೆ ಅದು ಕೂರುತ್ತದೆ, ಎಂಟು ಥ್ರೆಡ್‌ಗಳು ಸಿಗುತ್ತವೆ, ತಡೆತವೂ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಆದರೂ ನಾನು ಬೇಡವೆನ್ನುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಪೀಳಿಗೆಯಿಂದ ಶುರುವಾಗುತ್ತದೆ, ಐ7-4790 ಇರುವುದು 4ನೇ ಪೀಳಿಗೆಯಲ್ಲಿ. ವ್ಯಾಲೊರೆಂಟ್‌ನಂಥ ಆಟಗಳು ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಏರ್ಪಾಟುಗಳಿಲ್ಲದೆ ತೆರೆಯುವುದೇ ಇಲ್ಲ. ತಂಗಿಯವರ ಕಾಲೇಜಿನ ಕೆಲಸವೂ ಇದರಲ್ಲೇ ನಡೆಯುತ್ತಿರುವಾಗ, ಸಾಮಾನ್ಯ ಬೆಂಬಲ ಮುಗಿದ ವ್ಯವಸ್ಥೆಯ ಮೇಲೆ ಇನ್ನಷ್ಟು ಹಣ ಸುರಿಯುವುದು ಬೀಳುವ ಗೋಡೆಗೆ ಸುಣ್ಣ ಬಳಿದಂತೆ.

ಹಾಗಾದರೆ ಏನು ಕೊಳ್ಳಬೇಕು? ಆರು ಕೋರ್, ಹನ್ನೆರಡು ಥ್ರೆಡ್ ಇರುವ ಎರಡು ಪ್ರೊಸೆಸರುಗಳು, ಎಎಂಡಿಯ ರೈಜನ್ 5 5600 ಮತ್ತು ಇಂಟೆಲ್‌ನ ಐ5-12400, ನಿಮ್ಮ ಕಾರ್ಡಿನ ಪೂರ್ತಿ ಶಕ್ತಿಯನ್ನು ಹೊರತೆಗೆಯಲು ಸಾಕು. ಎರಡೂ 2022ರಲ್ಲಿ ಬಂದವು, ಎರಡೂ ಡಿಡಿಆರ್4 ರ‍್ಯಾಮ್‌ನೊಂದಿಗೆ ನಡೆಯುತ್ತವೆ. ಅವುಗಳಲ್ಲಿ ನಾನು ನಿಮಗೆ ಐ5-12400 ಅನ್ನು ಸೂಚಿಸುತ್ತೇನೆ, ಅದೂ ಕೊನೆಯಲ್ಲಿ ‘ಎಫ್’ ಅಕ್ಷರ ಇಲ್ಲದ್ದನ್ನು. ಎಫ್ ಇರುವ 12400ಎಫ್ ಸ್ವಲ್ಪ ಅಗ್ಗ, ವೇಗದಲ್ಲಿ ವ್ಯತ್ಯಾಸವಿಲ್ಲ, ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ರೈಜನ್ 5 5600ರಲ್ಲಿಯೂ ಇಲ್ಲ. ಹೊಸ ಕಾರ್ಡ್ ಕೊಳ್ಳುವವರಿಗೆ ಇದು ದೊಡ್ಡ ವಿಷಯವಲ್ಲ. ಹಳೆಯ ಕಾರ್ಡನ್ನು ಉಳಿಸಿಕೊಳ್ಳುವವರಿಗೆ ದೊಡ್ಡ ವಿಷಯವೇ. ವಾರಂಟಿ ಮುಗಿದ ಕಾರ್ಡ್ ಒಂದು ದಿನ ಕಣ್ಣು ಮುಚ್ಚಿದರೆ, ಎಫ್ ಪ್ರೊಸೆಸರಿನ ಕಂಪ್ಯೂಟರಿನಲ್ಲಿ ಪರದೆಯೇ ಬರುವುದಿಲ್ಲ, ಪರೀಕ್ಷೆಯ ಹಿಂದಿನ ರಾತ್ರಿ ತಂಗಿಯವರಿಗೆ ಒಂದು ಪುಟ ತೆರೆಯಲೂ ಆಗುವುದಿಲ್ಲ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಇದ್ದರೆ ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗೆ ಚುಚ್ಚಿ ಕೆಲಸ ಮುಂದುವರಿಸಬಹುದು. ಹಳೆಯ ಟೈರಿನ ಮೇಲೆ ದೂರದ ಪ್ರಯಾಣ ಹೊರಡುವವರು ಸ್ಟೆಪ್ನಿ ಇಲ್ಲದೆ ಹೊರಡುತ್ತಾರೆಯೇ?

ಬೋರ್ಡ್ ಕೊಳ್ಳುವಾಗ ಒಂದು ಎಚ್ಚರ ಬೇಕು. ಇದೇ ಪ್ರೊಸೆಸರಿಗೆ ಹೊಂದುವ ಎಚ್610, ಬಿ660 ಬೋರ್ಡುಗಳಲ್ಲಿ ಕೆಲವು ಡಿಡಿಆರ್4ಕ್ಕೂ ಕೆಲವು ಡಿಡಿಆರ್5ಕ್ಕೂ ಮಾಡಿದವು. ಹೆಸರು ಬಹುಮಟ್ಟಿಗೆ ಒಂದೇ ಇರುತ್ತದೆ, ಡಬ್ಬದ ಮೇಲಿನ ಸಣ್ಣ ‘ಡಿ4’ ಗುರುತಷ್ಟೇ ವ್ಯತ್ಯಾಸ. ಬೆಂಗಳೂರಿನ ಎಸ್.ಪಿ. ರಸ್ತೆಯ ಸಂದಣಿಯಲ್ಲಿ ನಿಂತು ಅವಸರದಲ್ಲಿ ಕೊಳ್ಳುವವರು ಇಲ್ಲಿಯೇ ಎಡವುವುದು. ಡಬ್ಬವನ್ನು ಕೌಂಟರಿನ ಮೇಲೆಯೇ ತೆಗೆಸಿ, ರ‍್ಯಾಮ್ ಸ್ಲಾಟಿನ ಪಕ್ಕದಲ್ಲಿ ಅಚ್ಚಾಗಿರುವುದನ್ನು ಓದಿ, ಜಿಎಸ್‌ಟಿ ಬಿಲ್ಲಿನಲ್ಲಿ ಕ್ರಮಸಂಖ್ಯೆ ಬರೆಸಿಕೊಂಡೇ ಹಣ ಕೊಡಿ.

ರ‍್ಯಾಮ್ 16 ಜಿಬಿ ಇರಲಿ, ಒಂದೇ ಕಡ್ಡಿಯಲ್ಲಲ್ಲ, 8 ಜಿಬಿಯ ಎರಡು ಕಡ್ಡಿಗಳಲ್ಲಿ. ಎರಡು ಕಡ್ಡಿಗಳಿದ್ದರೆ ಪ್ರೊಸೆಸರಿಗೆ ಎರಡು ದಾರಿಗಳಲ್ಲಿ ಮಾಹಿತಿ ಬರುತ್ತದೆ, ಆಟಗಳಲ್ಲಿ ಅದರ ಲಾಭ ಕಣ್ಣಿಗೆ ಕಾಣುತ್ತದೆ. ಇವತ್ತಿನ ಬೆಲೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಧೈರ್ಯದಿಂದ ಕೊಳ್ಳಬಹುದಾದ ಭಾಗವೆಂದರೆ ರ‍್ಯಾಮ್: ಅದರಲ್ಲಿ ಸವೆಯುವ ಚಕ್ರವಿಲ್ಲ, ಫ್ಯಾನ್ ಇಲ್ಲ, ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಒಂದು ರಾತ್ರಿ ಓಡಿಸಿದರೆ ದೋಷವಿದ್ದರೆ ತಿಳಿದುಬಿಡುತ್ತದೆ. ಕಚೇರಿ ಕಂಪ್ಯೂಟರ್ ಬದಲಿಸಿದ ಗೆಳೆಯರ ಬಳಿ ಡಿಡಿಆರ್4 ಕಡ್ಡಿಗಳು ಮೇಜಿನ ಡ್ರಾಯರಿನಲ್ಲಿ ಬಿದ್ದಿರುವುದುಂಟು, ಮೊದಲು ಅವರನ್ನು ಕೇಳಿ. ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿಗಳು ಮಾತ್ರ ಬೇಡ. ಜೋಡಿಸಿದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಲು ಮರೆಯಬೇಡಿ. ಮಾಡದಿದ್ದರೆ 3200ರ ವೇಗಕ್ಕೆಂದು ಕೊಂಡ ಕಡ್ಡಿಗಳಲ್ಲಿ ಹಲವು 2133 ಅಥವಾ 2400ರಲ್ಲೇ ತೆವಳುತ್ತಿರುತ್ತವೆ, ಯಾರೂ ಎಚ್ಚರಿಸುವುದಿಲ್ಲ.

ಹೊಸ ಬೋರ್ಡಿನಲ್ಲಿ ಎಂ.2 ಸ್ಲಾಟ್ ಇರುವುದರಿಂದ 500 ಜಿಬಿ ಅಥವಾ 1 ಟಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿಯನ್ನು ಅದರಲ್ಲಿ ಹಾಕಿ ಗೇಮ್‌ಗಳನ್ನು ಅಲ್ಲಿಗೆ ಸಾಗಿಸಿ. ಹಾರ್ಡ್ ಡಿಸ್ಕ್ ಫೋಟೊ, ಸಿನಿಮಾಗಳಿಗಿರಲಿ. ಇನ್ನು ಕಾರ್ಡಿನ ಮಾತು. ಅದು ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) 3.0 ಕಾರ್ಡ್, ಎಚ್81 ಬೋರ್ಡಿನಲ್ಲಿ ಈವರೆಗೆ 2.0ರ ವೇಗದಲ್ಲಿ, ಅಂದರೆ ತನಗೆ ಸಲ್ಲಬೇಕಾದ ದಾರಿಯ ಅರ್ಧ ಅಗಲದಲ್ಲಿ, ಓಡುತ್ತಿತ್ತು. 4.0 ಇರುವ ಹೊಸ ಬೋರ್ಡಿನಲ್ಲಿ ಯಾವ ತಕರಾರೂ ಇಲ್ಲದೆ ತನ್ನ ಪೂರ್ಣ ವೇಗದಲ್ಲಿ ಕೂರುತ್ತದೆ. ನೀವು 2020ರಲ್ಲಿ ಹಣ ಕೊಟ್ಟು ತಂದ ಕಾರ್ಡಿನ ನಿಜವಾದ ಕೆಲಸವನ್ನು ನೋಡುವುದು ಈಗಲೇ.

ಡಿಡಿಆರ್5 ಬೇಡವೇ ಎಂದು ಕೇಳುತ್ತೀರಿ. ಎಎಂಡಿಯ ಎಎಂ5 ಸಾಕೆಟ್ 2022ರ ಸೆಪ್ಟೆಂಬರ್‌ನಲ್ಲಿ ಬಂದದ್ದು, ಕಂಪನಿ ಅದಕ್ಕೆ ಕನಿಷ್ಠ 2027ರ ತನಕ ಹೊಸ ಪ್ರೊಸೆಸರುಗಳ ಭರವಸೆ ಕೊಟ್ಟಿದೆ. ವರ್ಷದೊಳಗೆ ದೊಡ್ಡ ಕಾರ್ಡನ್ನೂ ಕೊಳ್ಳುವ ಯೋಜನೆ ಇದ್ದರೆ ಆ ದಾರಿಯೇ ಸರಿ. ಈ ಕಾರ್ಡಿನ ಜೊತೆಯಲ್ಲೇ ಮೂರು ವರ್ಷ ಕಳೆಯುವುದಾದರೆ ಅದಕ್ಕೆ ಕೊಡುವ ಹೆಚ್ಚಿನ ಹಣ ಫ್ರೇಮ್ ಆಗಿ ಹಿಂದಿರುಗುವುದಿಲ್ಲ, ಏಕೆಂದರೆ 1080 ರೆಸಲ್ಯೂಷನ್‌ನಲ್ಲಿ ಆಗ ಕಾವಲಿಯೇ ಸಣ್ಣದಾಗಿರುತ್ತದೆ.

ಪ್ರಶ್ನೆ: ಪ್ರೊಸೆಸರ್, ಬೋರ್ಡ್ ಬದಲಿಸಿದರೆ ಹಳೆಯ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬ) ಸಾಕಾಗುವುದೇ? ನನ್ನದು ಕ್ಯಾಬಿನೆಟ್ ಜೊತೆಗೇ ಬಂದ 450 ವಾಟಿನದು, ಹತ್ತು ವರ್ಷದಿಂದ ಒಮ್ಮೆಯೂ ಕೈಕೊಟ್ಟಿಲ್ಲ. — ಓದುಗರು, ಮೈಸೂರು

ಉತ್ತರ: ಕೈಕೊಟ್ಟಿಲ್ಲ ಎನ್ನುವುದು ಅದರ ಯೋಗ್ಯತೆಯಲ್ಲ, ನಿಮ್ಮ ಅದೃಷ್ಟ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪಕ್ಕದ ಬಾಗಿಲು ತೆಗೆದು, ಎಸ್‌ಎಂಪಿಎಸ್ ಮೇಲೆ ಅಂಟಿಸಿರುವ ಕೋಷ್ಟಕವನ್ನು ಓದಿ. ದೊಡ್ಡ ಅಕ್ಷರದ 450 ಅನ್ನು ಬಿಟ್ಟುಬಿಡಿ. ‘+12 ವೋಲ್ಟ್’ ಎಂಬ ಕಲಮಿನ ಕೆಳಗೆ ಎಷ್ಟು ಆಂಪಿಯರ್ ಇದೆ ಎಂದು ನೋಡಿ, ಅದನ್ನು 12ರಿಂದ ಗುಣಿಸಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ ನಿಮ್ಮ ಕೈಗೆ ನಿಜವಾಗಿ ಸಿಗುವುದು 192 ವಾಟ್. ಮಿಕ್ಕದ್ದು ಇವತ್ತಿನ ಕಂಪ್ಯೂಟರ್ ಹೆಚ್ಚು ಬಳಸದ 5 ಮತ್ತು 3.3 ವೋಲ್ಟುಗಳ ಲೆಕ್ಕದಲ್ಲಿ ಕೂಡಿಸಿದ್ದು, ಎಷ್ಟೋ ಬಾರಿ ಬರೀ ಅಚ್ಚಿನ ಶಾಯಿ. ಮೊದಲ ಪತ್ರದ ಜಿಟಿಎಕ್ಸ್ 1660 ಸೂಪರ್ ಒಂದೇ 125 ವಾಟ್ ಎಳೆಯುತ್ತದೆ. ಐ5-12400 ಹೆಸರಿಗೆ 65 ವಾಟಿನದಾದರೂ ಪೂರ್ತಿ ಜೋರಿನಲ್ಲಿ 117 ವಾಟಿನವರೆಗೆ ಹೋಗಬಹುದು. ಎರಡೂ ಒಂದೇ ಕ್ಷಣದಲ್ಲಿ ಕೇಳಿದರೆ 242. ಆಟದ ನಡುವೆ ಕಂಪ್ಯೂಟರ್ ತಟ್ಟನೆ ಆರಿ ಮತ್ತೆ ಹೊತ್ತಿಕೊಳ್ಳುವ ಕಥೆಗಳಲ್ಲಿ ಹಲವು ಇಲ್ಲಿಂದಲೇ ಹುಟ್ಟುತ್ತವೆ.

ಒಳ್ಳೆಯ ತಯಾರಕರ, ವಿದ್ಯುತ್ ದಕ್ಷತೆಯಲ್ಲಿ 80 ಪ್ಲಸ್ ಬ್ರಾಂಜ್ ದರ್ಜೆಯ, 500 ಅಥವಾ 550 ವಾಟಿನ ಎಸ್‌ಎಂಪಿಎಸ್ ಸಾಕು. 750 ವಾಟಿನದು ಬೇಕೇ ಬೇಕು ಎನ್ನುವವರ ಮಾತಿಗೆ ತಲೆ ಕೊಡಬೇಡಿ. ಹೊಸದರಲ್ಲಿ ತಂತಿಗಳನ್ನು ಬಿಚ್ಚಿ ಜೋಡಿಸುವ ವ್ಯವಸ್ಥೆ ಇದ್ದರೆ, ಹಳೆಯದರ ತಂತಿಗಳನ್ನು ಅದಕ್ಕೆ ಎಂದೂ ಸಿಕ್ಕಿಸಬೇಡಿ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗಳಲ್ಲಿಯೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಯ ಒಳಜೋಡಣೆ ಒಂದೊಂದರಲ್ಲಿ ಒಂದೊಂದು ಥರ. ನೋಡಲು ಸರಿಯಾಗಿ ಕೂತ ತಂತಿ 5 ವೋಲ್ಟಿನ ಜಾಗಕ್ಕೆ 12 ವೋಲ್ಟ್ ಕಳುಹಿಸಿ ಹಾರ್ಡ್ ಡಿಸ್ಕನ್ನು ಸುಟ್ಟುಹಾಕಬಲ್ಲದು. ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ತಂತಿ ನಾಲ್ಕು-ನಾಲ್ಕಾಗಿ ಸೀಳುತ್ತದೆ, ಕಾರ್ಡಿಗೆ ಹೋಗುವುದು ಆರು-ಎರಡಾಗಿ. ಅದಲುಬದಲು ಮಾಡಲು ಹೊರಟರೆ ಕೂರುವುದಿಲ್ಲ. ಬಲ ಹಾಕಿ ಕೂರಿಸುವವರೂ ಇದ್ದಾರೆ.

ಪ್ರಶ್ನೆ: ನನ್ನ ಬಳಿ ರೈಜನ್ 5 2600, ಬಿ450 ಬೋರ್ಡ್, 16 ಜಿಬಿ ಡಿಡಿಆರ್4, 8 ಜಿಬಿಯ ಆರ್‌ಎಕ್ಸ್ 580 ಇವೆ. ಬೋರ್ಡ್ ಬದಲಿಸದೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದೇ? — ಓದುಗರು, ಹುಬ್ಬಳ್ಳಿ

ಉತ್ತರ: ಈ ಬಾರಿಯ ಪತ್ರಗಳಲ್ಲಿ ಅತ್ಯಂತ ಸುಖದ ಸ್ಥಿತಿಯಲ್ಲಿರುವವರು ನೀವೇ. 2016ರಲ್ಲಿ ಬಂದ ಎಎಂ4 ಸಾಕೆಟ್ಟನ್ನು ಎಎಂಡಿ ಕಂಪನಿ ಐದು ವರ್ಷಕ್ಕೂ ಹೆಚ್ಚು ಕಾಲ ಹೊಸ ಪೀಳಿಗೆಗಳಿಗೂ ಉಳಿಸಿಕೊಂಡಿತು. ಬಯೋಸ್ ಅಪ್‌ಡೇಟ್ ಮಾಡಿದರೆ ಅದೇ ಬೋರ್ಡಿಗೆ ರೈಜನ್ 5 5600 ಕೂರುತ್ತದೆ. ರ‍್ಯಾಮ್, ಕಾರ್ಡ್, ಎಸ್‌ಎಂಪಿಎಸ್ ಯಾವುದನ್ನೂ ಮುಟ್ಟಬೇಕಿಲ್ಲ. ಬೋರ್ಡ್ ತಯಾರಕರ ಪುಟದಲ್ಲಿ ನಿಮ್ಮ ಮಾದರಿಯ ಪ್ರೊಸೆಸರ್ ಪಟ್ಟಿಯನ್ನು ನೋಡಿ, ಅಲ್ಲಿ ಸೂಚಿಸಿದ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿರುವಾಗಲೇ ಅಪ್‌ಡೇಟ್ ಮಾಡಬೇಕು. ಹೊಸದನ್ನು ಹಾಕಿದ ಮೇಲೆ ನೆನಪಾದರೆ ಪರದೆ ಬರುವುದಿಲ್ಲ, ಮತ್ತೆ ಹಳೆಯದನ್ನೇ ಹಾಕಬೇಕಾಗುತ್ತದೆ. ಆ ನಾಲ್ಕೈದು ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ. ಯುಪಿಎಸ್ ಇಲ್ಲದಿದ್ದರೆ ಗುಡುಗು ಮಳೆಯ ಸಂಜೆಯನ್ನು ಬಿಟ್ಟು ಬೇರೆ ಹೊತ್ತನ್ನು ಆರಿಸಿಕೊಳ್ಳಿ, ಅಥವಾ ಇನ್ವರ್ಟರ್ ಇರುವ ಗೆಳೆಯರ ಮನೆಗೆ ಹೊತ್ತೊಯ್ಯಿರಿ.

ಹಳೆಯ ಪ್ರೊಸೆಸರನ್ನು ತೆಗೆಯುವಾಗಿನ ಒಂದು ಮಾತನ್ನು ನನ್ನ ಪೆಟ್ಟಿನಿಂದಲೇ ಹೇಳುತ್ತೇನೆ. ಎಎಂ4 ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನಲ್ಲೇ ಇವೆ, ಅದನ್ನು ಮೇಲಿನಿಂದ ಒತ್ತಿಹಿಡಿಯುವ ಲೋಹದ ಚೌಕಟ್ಟಿಲ್ಲ. ವರ್ಷಗಟ್ಟಲೆ ಬಳಸಿದ ಮೇಲೆ ಪ್ರೊಸೆಸರಿಗೂ ಅದರ ಶಾಖ ಹೀರುವ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಗೋಂದಿನಂತಾಗಿರುತ್ತದೆ. ನಾನು ತಣ್ಣಗಿದ್ದ ಕಂಪ್ಯೂಟರಿನ ಹೀಟ್‌ಸಿಂಕನ್ನು ನೇರವಾಗಿ ಮೇಲಕ್ಕೆ ಎಳೆದಾಗ, ಲಾಕ್ ಹಾಕಿದ್ದ ಸಾಕೆಟ್ಟಿನಿಂದ ಪ್ರೊಸೆಸರ್ ಕೂಡ ಅದಕ್ಕೆ ಅಂಟಿಕೊಂಡೇ ಎದ್ದು ಬಂತು. ಮೂಲೆಯ ಮೂರು ಪಿನ್ನುಗಳು ಮಲಗಿದ್ದವು. ಸೀಸ ಖಾಲಿ ಮಾಡಿದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಾಗಿಸಿ ನೆಟ್ಟಗೆ ಮಾಡುವಷ್ಟರಲ್ಲಿ ಅಂಗೈ ಬೆವೆತುಹೋಗಿತ್ತು. ನೀವು ಹಾಗೆ ಮಾಡಬೇಡಿ. ಹತ್ತು ನಿಮಿಷ ಯಾವುದಾದರೂ ಭಾರದ ಆಟ ಆಡಿ ಪ್ರೊಸೆಸರನ್ನು ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಸ್ಕ್ರೂ ಅಥವಾ ಕೊಂಡಿ ಬಿಚ್ಚಿ, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತ ಸಡಿಲಿಸಿ. ಅದು ಜಾರತೊಡಗಿದ ಮೇಲಷ್ಟೇ ಮೇಲೆತ್ತಿ.

ಪ್ರಶ್ನೆ: ಬೋರ್ಡ್ ಬದಲಿಸಿದ ಮೇಲೆ ವಿಂಡೋಸ್ ಅನ್ನು ಮತ್ತೆ ಹಾಕಬೇಕೇ? ಲೈಸೆನ್ಸ್ ಹೋಗುವುದೇ? — ಓದುಗರು, ಉಡುಪಿ

ಉತ್ತರ: ಹೊಸದಾಗಿ ಹಾಕುವುದೇ ಮೇಲು. ಹತ್ತು ವರ್ಷದ ಹಿಂದಿನ ಕಂಪ್ಯೂಟರುಗಳಲ್ಲಿ ವಿಂಡೋಸ್ ಅನ್ನು ಡಿಸ್ಕನ್ನು ವಿಭಾಗಿಸುವ ಹಳೆಯ ಎಂಬಿಆರ್ ಬಗೆಯಲ್ಲಿ ಹಾಕಿರುವುದೇ ಹೆಚ್ಚು. ಈಚಿನ ಬೋರ್ಡುಗಳು ಯುಇಎಫ್‌ಐ ಎಂಬ ಹೊಸ ಬಗೆಯನ್ನು ಬಯಸುತ್ತವೆ, ಆದ್ದರಿಂದ ಹಳೆಯ ಡಿಸ್ಕ್ ಎದುರಿಗಿದ್ದರೂ ಅದರಿಂದ ಶುರುವಾಗುವುದೇ ಇಲ್ಲ. ವಿಂಡೋಸ್ 10ರಲ್ಲಿರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಮೊದಲೇ ಪರಿವರ್ತಿಸಬಹುದು, ಬ್ಯಾಕಪ್ ಇಲ್ಲದೆ ಮಾತ್ರ ಅದಕ್ಕೆ ಕೈಹಾಕಬೇಡಿ. ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಂಡ ರೀಟೇಲ್ ಲೈಸೆನ್ಸ್ ಹೊಸ ಬೋರ್ಡಿಗೆ ಬರುತ್ತದೆ, ಕಂಪ್ಯೂಟರಿನ ಜೊತೆಗೆ ಬಂದ ಒಇಎಂ ಲೈಸೆನ್ಸ್ ಹಳೆಯ ಬೋರ್ಡಿನ ಜೊತೆಗೇ ಮುಗಿಯುತ್ತದೆ. ಬಿಚ್ಚುವ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಲೈಸೆನ್ಸನ್ನು ಅದಕ್ಕೆ ಜೋಡಿಸಿಕೊಳ್ಳಿ. ವಿಂಡೋಸ್ 7ರ ಹಳೆಯ ಕೀಲಿಯಿಂದ ಹೊಸ ವಿಂಡೋಸ್ ಅನ್ನು ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಒಂದು ಸ್ಕ್ರೂವನ್ನೂ ಬಿಚ್ಚಬೇಡಿ.

ಪ್ರಶ್ನೆ: ಹೆಸರಾಂತ ಕಂಪನಿಯ ಹಳೆಯ ಆಫೀಸ್ ಡೆಸ್ಕ್‌ಟಾಪನ್ನು ರಿಫರ್ಬಿಶ್ಡ್ ಆಗಿ ಕೊಂಡು ಜಿಟಿಎಕ್ಸ್ 1650 ಹಾಕಿಕೊಂಡಿದ್ದೇನೆ. ಅದೇ ಕ್ಯಾಬಿನೆಟ್ಟಿಗೆ ಹೊಸ ಬೋರ್ಡ್ ಹಾಕಬಹುದೇ? — ಓದುಗರು, ತುಮಕೂರು

ಉತ್ತರ: ಬಹುತೇಕ ಆಗುವುದಿಲ್ಲ. ಅಂಥ ಡೆಸ್ಕ್‌ಟಾಪುಗಳಲ್ಲಿ ಬೋರ್ಡಿನ ಸ್ಕ್ರೂಗಳ ಜಾಗ, ಎಸ್‌ಎಂಪಿಎಸ್‌ನ ಆಕಾರ ಮತ್ತು ಪಿನ್ನುಗಳು, ಮುಂಭಾಗದ ಪವರ್ ಬಟನ್ನಿನ ತಂತಿ, ಇವೆಲ್ಲ ಆ ಕಂಪನಿಗೇ ಮೀಸಲಾಗಿರುವುದು ಸಾಮಾನ್ಯ. ಕಾರ್ಡನ್ನೂ ಡಿಸ್ಕುಗಳನ್ನೂ ತೆಗೆದುಕೊಂಡು, ಉಳಿದದ್ದನ್ನು ಹಾಗೇ ಓಡುವ ಸ್ಥಿತಿಯಲ್ಲಿ ಮಾರಿಬಿಡಿ, ಓದುವ ಮಕ್ಕಳಿರುವ ಮನೆಗೆ ಅದು ಚೆನ್ನಾಗಿಯೇ ಆಗುತ್ತದೆ. ನಿಮ್ಮ ಕಾರ್ಡ್ ಬಹುಶಃ ಪ್ರತ್ಯೇಕ ವಿದ್ಯುತ್ ತಂತಿ ಇಲ್ಲದ, ಸ್ಲಾಟಿನಿಂದಲೇ 75 ವಾಟ್ ಪಡೆಯುವ ಮಾದರಿಯಾದ್ದರಿಂದ ಎಲ್ಲಿಗೆ ಬೇಕಾದರೂ ಸಾಗಿಸುವುದು ಸುಲಭ. ಅದರ ಮೆಮೊರಿ 4 ಜಿಬಿ ಮಾತ್ರ ಎನ್ನುವುದು ನೆನಪಿರಲಿ. ಹೊಸ ಪ್ರೊಸೆಸರ್ ಬಂದ ಮೇಲೆಯೂ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಕೆಳಗಿಟ್ಟೇ ಆಡಬೇಕಾದೀತು.

ಪ್ರಶ್ನೆ: ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಇರುತ್ತದೆ. ಆರು ವರ್ಷದ ಕಾರ್ಡ್ ಇನ್ನು ನಾಲ್ಕು ವರ್ಷ ಬಾಳಬೇಕಾದರೆ ಏನು ಮಾಡಬೇಕು? — ಓದುಗರು, ಬಳ್ಳಾರಿ

ಉತ್ತರ: ಕೋಣೆಯ ಶಾಖ ಎಷ್ಟು ಏರುತ್ತದೆಯೋ ಕಾರ್ಡಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆದ್ದರಿಂದ ಡಿಸೆಂಬರಿನಲ್ಲಿ 65 ಡಿಗ್ರಿಯಲ್ಲಿ ಆಡಿದ ಕಾರ್ಡ್ ಏಪ್ರಿಲ್‌ನಲ್ಲಿ 80 ಮುಟ್ಟಿದರೆ ಗಾಬರಿಯಾಗಬೇಡಿ. 83ರ ಆಸುಪಾಸಿನಲ್ಲಿ 1660 ಸೂಪರ್‌ನಂಥ ಎನ್‌ವಿಡಿಯಾ ಕಾರ್ಡುಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ. ಮೊದಲ ಮದ್ದು ಧೂಳು ತೆಗೆಯುವುದು. ಕಾರ್ಡನ್ನು ಹೊರತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗದಂತೆ ಹಿಡಿದು, ಹೀಟ್‌ಸಿಂಕಿನ ಸೀಳುಗಳ ನಡುವೆ ಬ್ಲೋವರ್‌ನಿಂದ ಗಾಳಿ ಹೊಡೆಯಿರಿ. ಅಲ್ಲಿ ಕಂಬಳಿಯಂತೆ ಹೆಣೆದುಕೊಂಡ ಪದರ ಹೊರಬಂದರೆ ಅರ್ಧ ಕಾಯಿಲೆ ಹೋದಂತೆ. ಎರಡನೆಯದು, ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಅನ್ನು 100ರಿಂದ 85 ಶೇಕಡಾಕ್ಕೆ ಇಳಿಸುವುದು. ಫ್ರೇಮ್ ಕೆಲವೇ ಕಡಿಮೆಯಾಗುತ್ತವೆ, ಶಾಖ ಚೆನ್ನಾಗಿ ಇಳಿಯುತ್ತದೆ. ಇವೆರಡರಿಂದ ಆಗದಿದ್ದರೆ ಮಾತ್ರ ಬಿಚ್ಚಿ ಥರ್ಮಲ್ ಪೇಸ್ಟ್ ಬದಲಿಸುವ ಯೋಚನೆ ಮಾಡಿ. ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆಯ ಪ್ಯಾಡುಗಳ ದಪ್ಪ ತಿಳಿಯದೆ ಬೇರೆಯದನ್ನು ಹಾಕಿದರೆ ಹೀಟ್‌ಸಿಂಕ್ ಮಧ್ಯದ ಚಿಪ್ಪಿಗೆ ಸರಿಯಾಗಿ ತಾಗದೆ, ಮಾಡಿದ ಉಪಕಾರವೇ ಅಪಕಾರವಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಕಾರ್ಡ್ ಎಷ್ಟು ದಿನ ಬರುತ್ತದೆ? ನನ್ನದು ಜಿಟಿಎಕ್ಸ್ 1060, ಅಣ್ಣನದು 1660 ಸೂಪರ್. — ಓದುಗರು, ಮಂಗಳೂರು

ಉತ್ತರ: ನಿಮ್ಮಿಬ್ಬರ ಕಾರ್ಡುಗಳಿಗೆ ಉತ್ತರ ಬೇರೆ ಬೇರೆ. 2016ರ 1060 ಪ್ಯಾಸ್ಕಲ್ ಪೀಳಿಗೆಯದು; ಆ ಪೀಳಿಗೆಗೆ ಹೊಸ ಆಟಗಳಿಗಾಗಿ ಹೊಂದಿಸಿದ ಡ್ರೈವರ್‌ಗಳನ್ನು (ಕಾರ್ಡ್ ನಡೆಸುವ ತಂತ್ರಾಂಶ) ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, 2028ರ ಅಕ್ಟೋಬರ್ ತನಕ ಭದ್ರತೆಯ ಅಪ್‌ಡೇಟ್‌ಗಳು ಮಾತ್ರ ಬರುತ್ತವೆ. 2019ರ 1660 ಸೂಪರ್ ಅದರ ಮುಂದಿನ ಟ್ಯೂರಿಂಗ್ ಪೀಳಿಗೆಯದಾದ್ದರಿಂದ ಈ ತೀರ್ಮಾನಕ್ಕೆ ಒಳಪಟ್ಟಿಲ್ಲ. ಆದರೆ ಅದರಲ್ಲಿಯೂ ಬೆಳಕಿನ ಹಾದಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್‌ನ ಯಂತ್ರಾಂಶವಿಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟವೂ 2025ರ ಮೇ ತಿಂಗಳಲ್ಲಿ ಬಂದ ಡೂಮ್‌ನ ಹೊಸ ಆಟವೂ ಅದನ್ನು ಕಡ್ಡಾಯ ಮಾಡಿವೆ, ಪ್ರೊಸೆಸರ್ ಎಷ್ಟೇ ಹೊಸದಿರಲಿ ಈ ಕಾರ್ಡುಗಳಲ್ಲಿ ಅವನ್ನು ಆಡಲಾಗುವುದಿಲ್ಲ. ಮಿಕ್ಕ ಆಟಗಳಲ್ಲಿ ಎಎಂಡಿಯ ಎಫ್‌ಎಸ್‌ಆರ್ ಎಂಬ ಸೌಲಭ್ಯ ಇದ್ದರೆ ಬಳಸಿ. ಚಿತ್ರವನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ ಹಿಗ್ಗಿಸುವ ಆ ತಂತ್ರ ಎನ್‌ವಿಡಿಯಾದ ಹಳೆಯ ಕಾರ್ಡುಗಳಲ್ಲಿಯೂ ನಡೆಯುತ್ತದೆ. ಅಣ್ಣನವರ ಕಂಪ್ಯೂಟರಿಗೆ ಈ ವರ್ಷ ಬೋರ್ಡ್ ಬದಲಿಸಿ. ನಿಮ್ಮದಕ್ಕೆ ಬದಲಿಸುವುದಾದರೆ, ಮುಂದೆ ಬರುವ ಕಾರ್ಡಿಗೂ ಆಗುವಂತೆ ಎಸ್‌ಎಂಪಿಎಸ್ ಅನ್ನು ಒಂದು ಮೆಟ್ಟಿಲು ಮೇಲಿನದನ್ನೇ, 650 ವಾಟಿನದನ್ನು, ಈಗಲೇ ಹಾಕಿಸಿಕೊಳ್ಳಿ.